ಬ್ರೆಡ್ ಕದ್ದ ಅಜ್ಜಿ ಮತ್ತು ನ್ಯೂಯಾರ್ಕ್ ಮೇಯರ್

ಪ್ರಶ್ನೆ: ಮೊಮ್ಮಕ್ಕಳ ಹಸಿವು ನೋಡಲಾಗದೆ ಬ್ರೆಡ್ ಕದ್ದ ಅಜ್ಜಿಗೆ 10 ಡಾಲರ್ ದಂಡ ಹಾಕಿ, ಅದನ್ನು ತಾನೇ ಕಟ್ಟಿ, ಇಂಥ ಸ್ಥಿತಿ ಬರಲು ಬಿಟ್ಟಿದ್ದಕ್ಕೆ ಅಂತ ಕೋರ್ಟಿನಲ್ಲಿ ಕೂತವರಿಗೆಲ್ಲ 50 ಸೆಂಟ್ ದಂಡ ಹಾಕಿದ ನ್ಯೂಯಾರ್ಕ್ ಮೇಯರ್ ಕಥೆ ನಮ್ಮ ಫ್ಯಾಮಿಲಿ ಗ್ರೂಪಿಗೆ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಆತ ನಿಜವಾಗಿ ಇದ್ದನಾ? ಮೇಯರ್‌ಗೆ ಕೋರ್ಟಿನಲ್ಲೇನು ಕೆಲಸ?
– ಓದುಗರು, ಶಿವಮೊಗ್ಗ

ಉತ್ತರ: ಇದ್ದ. ಹೆಸರು ಫಿಯೊರೆಲ್ಲೊ ಲಾ ಗಾರ್ಡಿಯಾ. ಆಗ ಅಲ್ಲಿನ ಮೇಯರ್‌ಗೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಇತ್ತು, ಈತ ಅದನ್ನು ಬಳಸಿದ್ದೂ ಉಂಟು. ಆದರೆ ಬ್ರೆಡ್ ಕಥೆಯನ್ನು ನಾನು ಇತಿಹಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೇಳುವವರ ಬಾಯಲ್ಲಿ ಬೆಳೆದ ಕಥೆ ಅದು. ಅದಿಲ್ಲದೆಯೂ ಈತನ ಬಗ್ಗೆ ಹೇಳಲು ಬೇಕಾದಷ್ಟಿದೆ.

ಹುಟ್ಟಿದ್ದು 1882ರಲ್ಲಿ, ನ್ಯೂಯಾರ್ಕ್‌ನಲ್ಲೇ. ಅಪ್ಪ ಇಟಲಿಯವರು, ಅಮೆರಿಕದ ಸೈನ್ಯದಲ್ಲಿ ಬ್ಯಾಂಡ್ ಮಾಸ್ಟರ್. ಅಮ್ಮ ಟ್ರಿಯೆಸ್ಟ್ ಊರಿನ ಯಹೂದಿ. ಬೆಳೆದದ್ದು ಅರಿಜೋನಾದಲ್ಲಿ. ಆಳು ಕುಳ್ಳ, ಐದಡಿ ಎರಡಿಂಚು, ಆದರೆ ನಾಲಿಗೆ ಉದ್ದ! ಹಗಲು ಎಲ್ಲಿಸ್ ದ್ವೀಪದಲ್ಲಿ ಹಡಗಿಳಿದು ಬರುವ ವಲಸಿಗರಿಗೆ ದುಭಾಷಿ, ರಾತ್ರಿ ಕಾನೂನು ಓದು. 1922ರಲ್ಲಿ ಅಮೆರಿಕದ ಸಂಸತ್ತಿನ ಚುನಾವಣೆಯಲ್ಲಿ ಎದುರಾಳಿ ಕಡೆಯವರು ಈತ ಯಹೂದಿ ದ್ವೇಷಿ ಅಂತ ಪ್ರಚಾರ ಮಾಡಿದರು. ಈತ ಸುಮ್ನೆ ಅಮ್ಮನ ಹೆಸರು ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಬದಲಿಗೆ, ಬನ್ನಿ, ಪೂರ್ತಿ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲೇ ಚರ್ಚೆ ಮಾಡೋಣ ಅಂತ ಸವಾಲು ಹಾಕಿದ. ಸ್ವತಃ ಯಹೂದಿಯಾಗಿದ್ದ ಎದುರಾಳಿ ಬರಲೇ ಇಲ್ಲ.

1929ರಲ್ಲಿ ಮೇಯರ್ ಚುನಾವಣೆಗೆ ನಿಂತು ಸೋತ. ಗೆದ್ದ ಜಿಮ್ಮಿ ವಾಕರ್ ಭ್ರಷ್ಟಾಚಾರದ ತನಿಖೆಯಲ್ಲಿ ಸಿಕ್ಕಿಬಿದ್ದು 1932ರಲ್ಲಿ ರಾಜೀನಾಮೆ ಕೊಟ್ಟ ಮೇಲೆ, 1933ರಲ್ಲಿ ಈತನ ಸರದಿ ಬಂತು. ಮುಂದೆ 1945ರ ಕೊನೆಯವರೆಗೆ, ಸತತ 12 ವರ್ಷ. ನಮ್ಮಲ್ಲಿ ಕಾರ್ಪೊರೇಟರ್‌ಗಳು ಆರಿಸುವ ಮೇಯರ್‌ಗೆ ರಿಬ್ಬನ್ ಕತ್ತರಿಸುವ ಕೆಲಸವೇ ಜಾಸ್ತಿ, ಅಲ್ವಾ? ಅಲ್ಲಿ ಹಾಗಲ್ಲ. ಮೇಯರ್‌ನನ್ನು ಜನರೇ ನೇರವಾಗಿ ಆರಿಸುತ್ತಾರೆ, ಪೊಲೀಸ್ ಇಲಾಖೆಯ ಮುಖ್ಯಸ್ಥ ಯಾರು ಅಂತ ಮೇಯರೇ ತೀರ್ಮಾನಿಸುತ್ತಾನೆ. ಹಾಗಾಗಿ ಜೂಜಿನ ಯಂತ್ರಗಳನ್ನು ಹಿಡಿಸಿ, ಕ್ಯಾಮೆರಾಗಳ ಮುಂದೆ ತಾನೇ ಸುತ್ತಿಗೆ ಎತ್ತಿ ಪುಡಿ ಮಾಡಿದ.

1935ರ ಡಿಸೆಂಬರ್‌ನಲ್ಲಿ ಒಂದು ತರಕಾರಿಯನ್ನೇ ನಿಷೇಧಿಸಿದ. ಆರ್ಟಿಚೋಕ್ ಅಂತ, ನೋಡಲು ತಾವರೆ ಮೊಗ್ಗಿನ ಹಾಗಿರುತ್ತದೆ. ಇಟಲಿಯವರಿಗೆ ಪ್ರಾಣ. ಅದರ ಸಗಟು ವ್ಯಾಪಾರವನ್ನು ಒಬ್ಬ ಮಾಫಿಯಾ ದೊರೆ ಹೆದರಿಸಿ ಬೆದರಿಸಿ ಹಿಡಿತದಲ್ಲಿ ಇಟ್ಟುಕೊಂಡಿದ್ದ. ಬೆಳ್ಳಂಬೆಳಗ್ಗೆ ಬ್ರಾಂಕ್ಸ್ ಮಾರ್ಕೆಟ್ಟಿಗೆ ಹೋಗಿ, ಕಹಳೆ ಊದಿಸಿ, ಲಾರಿ ಹತ್ತಿ ನಿಂತು ಆಜ್ಞೆ ಓದಿದ. ಮೂರೇ ದಿನಕ್ಕೆ ನಿಷೇಧ ತೆಗೆದ. ಬೆಲೆ ಇಳಿದಿತ್ತು!

ಪ್ರಶ್ನೆ: ಮಗಳ ಮನೆಗೆ ಹೋದಾಗ ಲಾಗಾರ್ಡಿಯಾ ಏರ್‌ಪೋರ್ಟ್‌ನಲ್ಲಿ ಇಳಿದಿದ್ದೆವು. ಅದು ಇದೇ ಮೇಯರ್ ಹೆಸರಾ?
– ಓದುಗರು, ಮೈಸೂರು

ಉತ್ತರ: ಹೌದು, ಅದರ ಹಿಂದೆ ಒಂದು ಜಗಳವಿದೆ. 1934ರಲ್ಲಿ ಈತ ಕೂತಿದ್ದ ವಿಮಾನ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ನಲ್ಲಿ ಇಳಿಯಿತು. ಆಗ ನ್ಯೂಯಾರ್ಕ್‌ಗೆ ಬರುವ ಬಹುತೇಕ ಪ್ರಯಾಣಿಕ ವಿಮಾನಗಳು ಅಲ್ಲೇ ಇಳಿಯುತ್ತಿದ್ದವು. ಟಿಕೆಟ್‌ನಲ್ಲಿ ನ್ಯೂಯಾರ್ಕ್ ಅಂತಿದೆ, ಇದು ನ್ಯೂಜೆರ್ಸಿ, ನಾನು ಇಳಿಯಲ್ಲ ಅಂತ ಕೂತುಬಿಟ್ಟ. ಕೊನೆಗೆ ವಿಮಾನ ನ್ಯೂಯಾರ್ಕ್ ಒಳಗಿನ ಬ್ರೂಕ್ಲಿನ್‌ಗೆ ಹಾರಬೇಕಾಯಿತು. 1939ರಲ್ಲಿ ಕ್ವೀನ್ಸ್‌ನಲ್ಲಿ ಊರಿನದೇ ಹೊಸ ನಿಲ್ದಾಣ ಶುರುವಾಯಿತು.

ಪ್ರಶ್ನೆ: ಇಷ್ಟು ಹೊಗಳುತ್ತೀರಲ್ಲ, ತಪ್ಪೇ ಮಾಡಲಿಲ್ಲವಾ?
– ಓದುಗರು, ಧಾರವಾಡ

ಉತ್ತರ: ಮಾಡದೆ ಏನು! ಬೀದಿಯ ತಳ್ಳುಗಾಡಿಯವರನ್ನು ಎಬ್ಬಿಸಿ ಸೂರಿನಡಿಯ ಮಾರ್ಕೆಟ್‌ಗಳಿಗೆ ಸೇರಿಸಿದ. ಊರು ಚೊಕ್ಕಟವಾಯಿತು ನಿಜ, ಆದರೆ ಜಾಗ ಸಿಗದ ಬಡವರ ಪಾಡು? ದುಡ್ಡಿನ ವಿಷಯದಲ್ಲಿ ಮಾತ್ರ ಬೆರಳು ತೋರಿಸುವ ಹಾಗಿರಲಿಲ್ಲ. 1947ರಲ್ಲಿ ತೀರಿಕೊಂಡಾಗ ಉಳಿದಿದ್ದು ಸಾಲ ತೀರದ ಮನೆ, 8,000 ಡಾಲರ್ ಬಾಂಡ್. ನನಗೆ ಇವತ್ತಿಗೂ ಅರ್ಥವಾಗದ್ದು 1936ರ ಒಂದು ಆಜ್ಞೆ. ಬೀದಿಯಲ್ಲಿ ಪೆಟ್ಟಿಗೆಯ ಹಿಡಿ ತಿರುಗಿಸಿ ಸಂಗೀತ ನುಡಿಸುತ್ತಿದ್ದವರಿಗೆ ಲೈಸೆನ್ಸ್ ಇಲ್ಲ ಅಂದುಬಿಟ್ಟ. ಅವರಲ್ಲಿ ಹೆಚ್ಚಿನವರು ಇಟಲಿಯವರು. ಹೇಳಿದವನು ಬ್ಯಾಂಡ್ ಮಾಸ್ಟರ್ ಮಗ.