ಹಿಮ ನಿಂತ ಮೇಲೂ ವಿಮಾನ ಏಳುವುದಿಲ್ಲ, ಯಾಕೆ?

ಕಾಫಿ ಕುಯ್ಲು ಶುರುವಾದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಕಣದ್ದು, ಕೂಲಿಯದ್ದು, ಆನೆಯದ್ದು. ಈ ಸಲ ಬರೀ ವಿಮಾನ. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೆ ಹೊರದೇಶದಲ್ಲಿರುವ ಮಕ್ಕಳಿಗೆ ರಜೆ ಸಿಗುವುದು ಡಿಸೆಂಬರ್‌ನಲ್ಲೇ, ಹಾಗಾಗಿ ಅಲ್ಲಿ ಹಿಮ ಬಿದ್ದರೆ ಇಲ್ಲಿ ಅಮ್ಮಂದಿರಿಗೆ ನಿದ್ದೆ ಇಲ್ಲ. ತೋಟಕ್ಕೆ ವಾಪಸ್ ಬರುವ ಮುಂಚೆ ನಾನು ಮೂರು ಚಳಿಗಾಲ ಕೆನಡಾದ ಒಂದು ವಿಮಾನ ನಿಲ್ದಾಣದಲ್ಲಿ ಸಾಮಾನು ಹತ್ತಿಸುವ ಕೆಲಸ ಮಾಡಿದ್ದೆ. ಅದು ಸಂಪಾದಕರಿಗೆ ಗೊತ್ತು. ಎಲ್ಲ ಪತ್ರಗಳನ್ನೂ ನನ್ನ ತಲೆಗೆ ಕಟ್ಟಿದ್ದಾರೆ.

ಮಗಳು ಷಿಕಾಗೋದಿಂದ ಹೊರಡಬೇಕಿತ್ತು. ಹಿಮಬಿರುಗಾಳಿ ಅಂತ ವಿಮಾನ ರದ್ದಾಯಿತು, ಒಪ್ಪೋಣ. ಮಾರನೇ ದಿನ ಒಳ್ಳೆ ಬಿಸಿಲು, ಅವಳೇ ವಿಡಿಯೊ ಕಾಲ್‌ನಲ್ಲಿ ತೋರಿಸಿದಳು. ಆದರೂ ಎರಡು ದಿನ ಸೀಟಿಲ್ಲ. ಸುಳ್ಳು ಹೇಳುತ್ತಿದ್ದಾರಾ? — ಒಬ್ಬ ತಂದೆ, ಗೋಣಿಕೊಪ್ಪ

ಸುಳ್ಳು ಇರಲಿಕ್ಕಿಲ್ಲ. ಮಳೆಗಾಲದಲ್ಲಿ ಸಂಪಾಜೆ ಘಾಟಿಯಲ್ಲಿ ಬರೆ ಜರಿದರೆ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಮಣ್ಣು ತೆಗೆದು ರಸ್ತೆ ಬಿಟ್ಟರು ಅಂತಿಟ್ಟುಕೊಳ್ಳಿ. ಆ ಕ್ಷಣಕ್ಕೆ ಬಸ್ ಬರುತ್ತದಾ? ಮಡಿಕೇರಿಯಲ್ಲಿರಬೇಕಾದ ಬಸ್ ಸುಳ್ಯದಲ್ಲಿರುತ್ತದೆ, ಅದರ ಡ್ರೈವರ್ ರಾತ್ರಿಯಿಡೀ ಸ್ಟೇರಿಂಗ್ ಹಿಂದೆ ಕೂತು ಸುಸ್ತಾಗಿ ಮಲಗಿರುತ್ತಾನೆ, ನಿಲ್ದಾಣದಲ್ಲಿ ನಿನ್ನೆಯ ಜನವೂ ಇವತ್ತಿನ ಜನವೂ ಒಟ್ಟಿಗೆ ನಿಂತಿರುತ್ತಾರೆ.

ವಿಮಾನದ್ದೂ ಇದೇ ಕಥೆ, ಸ್ವಲ್ಪ ಜಾಸ್ತಿ ಸಿಕ್ಕು. ಅಮೆರಿಕದ ಒಳಗೆ ಓಡಾಡುವ ಒಂದು ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ. ಬೆಳಗ್ಗೆ ಒಂದು ಕಡೆ ಸಿಕ್ಕಿಬಿದ್ದರೆ ಸಂಜೆಯ ಊರಿನವರಿಗೆ ವಿಮಾನವೇ ಇಲ್ಲ, ಆ ಊರಲ್ಲಿ ಒಂದು ಹನಿ ಹಿಮ ಬಿದ್ದಿರದಿದ್ದರೂ. ಇನ್ನು ಪೈಲಟ್. ಅಲ್ಲಿನ ನಿಯಮದಂತೆ ಇಬ್ಬರೇ ಪೈಲಟ್‌ಗಳಿರುವಾಗ ಅವರ ಡ್ಯೂಟಿ, ಹೊರಡುವ ಹೊತ್ತು ನೋಡಿಕೊಂಡು, 9 ರಿಂದ 14 ಗಂಟೆ. ಬಾಗಿಲು ಹಾಕಿ, ರನ್‌ವೇ ಸಿಗಲಿ ಅಂತ ಸಾಲಿನಲ್ಲಿ ಮೂರು ಗಂಟೆ ಕಾದರೆ ಆ ಮೂರು ಗಂಟೆಯೂ ಲೆಕ್ಕಕ್ಕೆ. ಸ್ವಲ್ಪ ವಿನಾಯಿತಿ ಇದೆ, ಅದೂ ಮುಗಿದರೆ ಹೊರಡುವ ಹಾಗಿಲ್ಲ. ಬೇರೆ ಪೈಲಟ್ ಬೇಕು, ಅವನು ಇನ್ನೊಂದು ಊರಲ್ಲಿ ಸಿಕ್ಕಿಕೊಂಡಿದ್ದಾನೆ.

ಸೀಟಿನ ಲೆಕ್ಕ ಇನ್ನೂ ಕಷ್ಟ. 180 ಜನರ ಒಂದು ವಿಮಾನ ರದ್ದಾಯಿತು. ಕ್ರಿಸ್‌ಮಸ್ ಸಮಯ, ಮುಂದಿನ ಒಂದೊಂದು ವಿಮಾನದಲ್ಲೂ ಐದೇ ಸೀಟು ಖಾಲಿ ಅಂದುಕೊಳ್ಳಿ. ಅಷ್ಟೂ ಜನರನ್ನು ಕಳಿಸಲು 36 ವಿಮಾನ ಬೇಕು. ನಿಮ್ಮ ಮಗಳಿಗೆ ಎರಡೇ ದಿನದಲ್ಲಿ ಸಿಕ್ಕಿದೆಯಲ್ಲ, ಅದೃಷ್ಟ ಅನ್ನಿ.

ಆದರೆ ಎಲ್ಲವನ್ನೂ ಹಿಮದ ಮೇಲೆ ಹಾಕಿ ಕಂಪನಿಗಳನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. 2022ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಮೇಲೆ ದೊಡ್ಡ ಚಳಿಗಾಳಿ ಬೀಸಿತು. ಎಲ್ಲ ಕಂಪನಿಗಳೂ ತತ್ತರಿಸಿದವು, ಉಳಿದವು ಕೆಲವು ದಿನಗಳಲ್ಲಿ ಎದ್ದು ನಿಂತವು. ಸೌತ್‌ವೆಸ್ಟ್ ಅನ್ನುವ ಕಂಪನಿ ಮಾತ್ರ ಅಷ್ಟು ಬೇಗ ಏಳಲಿಲ್ಲ. ಯಾವ ಪೈಲಟ್ ಎಲ್ಲಿದ್ದಾನೆ ಅನ್ನುವ ಲೆಕ್ಕವೇ ಅವರ ಕೈ ತಪ್ಪಿಹೋಯಿತು, ಸಿಬ್ಬಂದಿ ಫೋನ್ ಹಿಡಿದು ಗಂಟೆಗಟ್ಟಲೆ ಕಾದರು. 16,000ಕ್ಕೂ ಹೆಚ್ಚು ವಿಮಾನ ರದ್ದು, 20 ಲಕ್ಷಕ್ಕೂ ಹೆಚ್ಚು ಜನರಿಗೆ ತೊಂದರೆ. ಮರುವರ್ಷ ಅಲ್ಲಿನ ಸಾರಿಗೆ ಇಲಾಖೆ 14 ಕೋಟಿ ಡಾಲರ್ ದಂಡ ಹಾಕಿತು. ಬಿರುಗಾಳಿ ಎಲ್ಲರಿಗೂ ಒಂದೇ ಆಗಿತ್ತು, ತಯಾರಿ ಒಂದೇ ಆಗಿರಲಿಲ್ಲ.

ಹೊರಡುವ ಮುಂಚೆ ವಿಮಾನಕ್ಕೆ ಕಿತ್ತಳೆ ನೀರು, ಆಮೇಲೆ ಹಸಿರು ನೀರು ಹೊಡೆಯುವ ವಿಡಿಯೊ ವಾಟ್ಸಾಪ್‌ನಲ್ಲಿ ಬಂತು. ಆ ಚಳಿಯಲ್ಲಿ ವಿಮಾನ ತೊಳೆಯುವುದು ಯಾಕೆ? — ವಿರಾಜಪೇಟೆ ಓದುಗರು

ತೊಳೆಯುವುದಲ್ಲ, ಐಸ್ ತೆಗೆಯುವುದು. ಅದಕ್ಕೆ ಡೀಐಸಿಂಗ್ ಅನ್ನುತ್ತಾರೆ. ಕಿತ್ತಳೆ ಬಣ್ಣದ್ದು ಗ್ಲೈಕಾಲ್ ಅನ್ನುವ, ಸುಲಭಕ್ಕೆ ಹೆಪ್ಪುಗಟ್ಟದ ದ್ರವ ಮತ್ತು ನೀರಿನ ಬಿಸಿ ಮಿಶ್ರಣ. ರೆಕ್ಕೆಯ ಮೇಲೆ ಕೂತ ಹಿಮವನ್ನು ಅದು ಕರಗಿಸಿ ಬೀಳಿಸುತ್ತದೆ. ಹಸಿರು ಬಣ್ಣದ್ದು ಗಟ್ಟಿ, ಲೋಳೆ ಲೋಳೆ. ಅದು ರೆಕ್ಕೆಗೆ ಅಂಟಿಕೊಂಡು ಹೊಸದಾಗಿ ಬೀಳುವ ಹಿಮವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ವಿಮಾನ ವೇಗವಾಗಿ ಓಡುವಾಗ ಗಾಳಿಗೆ ತಾನೇ ಜಾರಿಹೋಗುತ್ತದೆ. ಬಣ್ಣ ಹಾಕಿರುವುದು ಯಾವುದನ್ನು ಹೊಡೆದಿದ್ದೇವೆ ಅಂತ ಕಣ್ಣಿಗೆ ಗೊತ್ತಾಗಲಿ ಅಂತ.

"ಸ್ವಲ್ಪ ಹೊತ್ತು" ಅಂದೆನಲ್ಲ, ತಾಪತ್ರಯ ಇರುವುದೇ ಅಲ್ಲಿ. ಹಗುರ ಹಿಮವಾದರೆ ಒಂದು ಗಂಟೆ ತಡೆದೀತು. ಬಿದ್ದ ಕೂಡಲೇ ಐಸ್ ಆಗುವ ಮಳೆ ಇರುತ್ತದೆ ನೋಡಿ, ಅದರಲ್ಲಿ ಇನ್ನೂ ಬಹಳ ಕಡಿಮೆ. ಅಷ್ಟರಲ್ಲಿ ಹಾರದಿದ್ದರೆ ಹಿಂದೆ ಬಂದು ಮತ್ತೆ ಹೊಡೆಸಿಕೊಳ್ಳಬೇಕು, ಮತ್ತೆ ಸಾಲು.

ಇಷ್ಟೊಂದು ಹೆದರಿಕೆ ಯಾಕೆ ಅಂತೀರಾ? ರೆಕ್ಕೆ ವಿಮಾನವನ್ನು ಎತ್ತುವುದು ಅದರ ಆಕಾರದಿಂದ. ಮರಳು ಕಾಗದದಷ್ಟು ಒರಟು ಐಸ್ ಕೂತರೂ ಗಾಳಿ ಸರಿಯಾಗಿ ಹರಿಯುವುದಿಲ್ಲ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾದ ಒಂದು ಬೋಯಿಂಗ್ 737ಕ್ಕೆ ಐಸ್ ತೆಗೆದಿದ್ದರು, ಆದರೆ ಅದಾದ ಮೇಲೆ ಅದು ಮುಕ್ಕಾಲು ಗಂಟೆಗೂ ಜಾಸ್ತಿ ಕಾಯಿತು. ಎಂಜಿನ್‌ಗೆ ಐಸ್ ಕೂರದಂತೆ ಬಿಸಿ ಕೊಡುವ ಸ್ವಿಚ್ಚನ್ನೂ ಪೈಲಟ್‌ಗಳು ಹಾಕಿರಲಿಲ್ಲ. ಅದರಿಂದ ಎಂಜಿನ್ನಿನ ಮುಳ್ಳು ಇಲ್ಲದ ಬಲವನ್ನು ಇದೆ ಅಂತ ತೋರಿಸಿತು. ಎದ್ದ ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು. ಹಾಗಾಗಿ "ಇನ್ನೊಂದು ಸಲ ಡೀಐಸಿಂಗ್" ಅಂತ ಪೈಲಟ್ ಹೇಳಿದರೆ ಗೊಣಗಬೇಡಿ. ನಾನಂತೂ ಗೊಣಗುವುದಿಲ್ಲ.

ಅಲ್ಲಿ ರಸ್ತೆಗೆ ಉಪ್ಪು ಹಾಕಿ ಹಿಮ ಕರಗಿಸುತ್ತಾರಂತೆ. ರನ್‌ವೇಗೂ ಹಾಕಬಹುದಲ್ವಾ? — ಪಿಯು ವಿದ್ಯಾರ್ಥಿ, ಸೋಮವಾರಪೇಟೆ

ಹಾಕುವ ಹಾಗಿಲ್ಲ. ಉಪ್ಪು ವಿಮಾನದ ಅಲ್ಯೂಮಿನಿಯಂ ತಿನ್ನುತ್ತದೆ. ಅದಕ್ಕೆ ಪೊಟ್ಯಾಸಿಯಂ ಅಸಿಟೇಟ್ ಥರದ, ಬೆಲೆ ಜಾಸ್ತಿಯಾದ ರಾಸಾಯನಿಕ ಹಾಕುತ್ತಾರೆ. ಅದಕ್ಕೂ ಮುಂಚೆ ದೊಡ್ಡ ದೊಡ್ಡ ಹಿಮ ತಳ್ಳುವ ಗಾಡಿಗಳು ಒಂದರ ಪಕ್ಕ ಒಂದು ಓರೆಯಾಗಿ ಸಾಲು ಕಟ್ಟಿ ಬರುತ್ತವೆ, ಹಿಂದೆ ಗುಡಿಸುವ ಬ್ರಷ್ ಗಾಡಿ. ಆ ಹೊತ್ತು ರನ್‌ವೇ ಬಂದ್. ಅಷ್ಟರಲ್ಲಿ ಇಳಿಯಬೇಕಾದವು ಮೇಲೆ ಸುತ್ತುತ್ತಿರುತ್ತವೆ ಅಥವಾ ಬೇರೆ ಊರಿಗೆ ಹೋಗುತ್ತವೆ, ಇನ್ನೂ ಹೊರಡದವನ್ನು ಅಲ್ಲಲ್ಲೇ ಹಿಡಿದು ನಿಲ್ಲಿಸುತ್ತಾರೆ.

ಮಡಿಕೇರಿ ಮಂಜಿನಲ್ಲಿ ನಾವು ಜೀಪು ಓಡಿಸುತ್ತೇವೆ. ಬೆಂಗಳೂರಲ್ಲಿ ಸ್ವಲ್ಪ ಮಂಜು ಕವಿದರೆ ವಿಮಾನ ತಡ ಅಂತಾರೆ. ಅಮೆರಿಕದ ಮಂಜಿಗೂ ಇದಕ್ಕೂ ಏನು ವ್ಯತ್ಯಾಸ? — ಮಡಿಕೇರಿ ಓದುಗರು

ಮೊದಲ ತೊಂದರೆ ನಮ್ಮ ಭಾಷೆಯದ್ದೇ. ರಾಜಾಸೀಟಿನಲ್ಲಿ ಕಣಿವೆ ಮುಚ್ಚುವುದೂ ಮಂಜು, ಷಿಕಾಗೋದಲ್ಲಿ ಮೊಣಕಾಲವರೆಗೆ ಬೀಳುವುದೂ ಮಂಜು. ನಾನು ಎರಡನೆಯದಕ್ಕೆ ಹಿಮ ಅಂತ ಬರೆಯುತ್ತಿದ್ದೇನೆ, ಗಲಿಬಿಲಿ ಬೇಡ ಅಂತ.

ನಮ್ಮ ಮಂಜಿನಲ್ಲಿ ರೆಕ್ಕೆ, ರನ್‌ವೇ ಎಲ್ಲ ಸರಿಯಾಗೇ ಇರುತ್ತವೆ. ಕಣ್ಣು ಮಾತ್ರ ಕಾಣುವುದಿಲ್ಲ. ಅದಕ್ಕೆ, ಕಣ್ಣಿಗೆ ಕಾಣದಿದ್ದರೂ ವಿಮಾನಕ್ಕೆ ರನ್‌ವೇಯ ದಾರಿ ತೋರಿಸುವ ಯಂತ್ರ ಇದೆ. ಸಾಮಾನ್ಯ ವ್ಯವಸ್ಥೆಯಲ್ಲಿ ಇಳಿಯಲು ರನ್‌ವೇ ಮೇಲೆ ಸುಮಾರು 550 ಮೀಟರ್ ಕಾಣಬೇಕು, ದೆಹಲಿಯಲ್ಲಿರುವ ಕ್ಯಾಟ್ ಮೂರು-ಬಿ ಅನ್ನುವ ಮೇಲಿನ ದರ್ಜೆಯ ವ್ಯವಸ್ಥೆಯಲ್ಲಿ 50 ಮೀಟರ್ ಸಾಕು. ಆದರೆ ಮೂರೂ ಕೂಡಿಬರಬೇಕು: ರನ್‌ವೇಯಲ್ಲಿ ಆ ಯಂತ್ರ, ವಿಮಾನದಲ್ಲಿ ಆ ಉಪಕರಣ, ತರಬೇತಿ ಆದ ಪೈಲಟ್. ಒಂದು ಕೈಕೊಟ್ಟರೂ ಬೇರೆ ಊರಿಗೆ. ಅಲ್ಲದೆ ನಿಮ್ಮ ಜೀಪು ಗಂಟೆಗೆ ಇಪ್ಪತ್ತು ಕಿಲೋಮೀಟರಲ್ಲಿ ಹೋಗುತ್ತದೆ ಮಾರಾಯ್ರೇ, ವಿಮಾನ ಇಳಿಯುವುದು ಇನ್ನೂರೈವತ್ತರ ಹತ್ತಿರ.

ಹವಾಮಾನ ಅಂದರೆ ದುಡ್ಡು ವಾಪಸ್ ಇಲ್ಲ ಅಂತ ಏಜೆಂಟ್ ಹೇಳಿದ. ನಿಜವಾ? — ಕುಶಾಲನಗರ

ಅರ್ಧ ನಿಜ. ಪರಿಹಾರ ಬೇರೆ, ಟಿಕೆಟ್ ದುಡ್ಡು ಬೇರೆ. ಹವಾಮಾನದಿಂದ ರದ್ದಾದರೆ ನಮ್ಮಲ್ಲಿ, ಅಮೆರಿಕದಲ್ಲಿ, ಯುರೋಪಿನಲ್ಲಿ ಎಲ್ಲೂ ಪರಿಹಾರ ಅಂತ ಮೇಲುದುಡ್ಡು ಕೊಡಬೇಕಿಲ್ಲ. ಆದರೆ ಕಂಪನಿಯೇ ವಿಮಾನ ರದ್ದು ಮಾಡಿ, ಅವರು ತೋರಿಸಿದ ಬೇರೆ ವಿಮಾನ ನಿಮಗೆ ಬೇಡವಾದರೆ ಟಿಕೆಟ್ ಹಣ ವಾಪಸ್ ಕೇಳಬಹುದು, ಕಾರಣ ಹಿಮವೇ ಆಗಿರಲಿ. ಯುರೋಪಿನಿಂದ ಹೊರಡುವ ವಿಮಾನವಾದರೆ, ಬಿರುಗಾಳಿ ಬೀಸಿದರೂ ಊಟ, ರಾತ್ರಿಗೆ ಹೋಟೆಲ್ ಕೊಡಬೇಕು ಅಂತ ಅಲ್ಲಿನ ಕಾನೂನು. ಅಮೆರಿಕದಲ್ಲಿ ಅದು ಕಡ್ಡಾಯ ಅಲ್ಲ.

ಇನ್ನೊಂದು, ನಾನೇ ಕಲಿತ ಪಾಠ. ನೂರು ಡಾಲರ್ ಉಳಿಯುತ್ತದೆ ಅಂತ ಒಮ್ಮೆ ಎರಡು ಬೇರೆ ಬೇರೆ ಟಿಕೆಟ್ ತೆಗೆದೆ. ಮೊದಲನೆಯದು ಹಿಮಕ್ಕೆ ರದ್ದಾಯಿತು. ಎರಡನೇ ಕಂಪನಿಯವರು, ಹೆಸರು ಬೇಡ, "ನಮ್ಮ ವಿಮಾನ ಸಮಯಕ್ಕೆ ಹೊರಟಿದೆ, ನೀವೇ ಬರಲಿಲ್ಲ" ಅಂದರು. ಪೂರ್ತಿ ದುಡ್ಡು ಹೋಯಿತು. ಚಳಿಗಾಲದಲ್ಲಿ ಷಿಕಾಗೋದಿಂದ ಬೆಂಗಳೂರುವರೆಗೆ ಒಂದೇ ಟಿಕೆಟ್ ಇರಲಿ, ನಡುವೆ ಬದಲಿಸಲು ಕನಿಷ್ಠ ನಾಲ್ಕು ಗಂಟೆ ಇರಲಿ, ಬೆಳಗಿನ ಮೊದಲ ವಿಮಾನ ಹಿಡಿಯಲಿ. ಸಂಜೆ ಹೊತ್ತಿಗೆ ಇಡೀ ದಿನದ ತಡ ಒಟ್ಟಾಗಿರುತ್ತದೆ.

ನಮ್ಮ ಸಾಮಾನು ಎಲ್ಲಾ ಒದ್ದೆಯಾಗಿ ಬರುವುದು ಯಾಕೆ? ನಿಮ್ಮಂಥವರದೇ ಕೆಲಸ ಅಲ್ವಾ? — ನಾಪೋಕ್ಲು

ಹೌದು, ನಮ್ಮದೇ. ಮೈನಸ್ ಇಪ್ಪತ್ತೈದರಲ್ಲಿ ಕೈ ಬೆರಳು ಜೋಮು ಹಿಡಿಯುತ್ತದೆ, ಸ್ವಲ್ಪ ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಕೈ ಬಿಸಿ ಮಾಡಿಕೊಂಡು ಬರುತ್ತೇವೆ, ಪೆಟ್ಟಿಗೆ ಅಲ್ಲಿವರೆಗೆ ಗಾಡಿಯ ಮೇಲೆ ಹಿಮದಲ್ಲೇ. ಹಿಮ ಕರಗುವುದು ವಿಮಾನದ ಹೊಟ್ಟೆಯೊಳಗೆ. ಬಟ್ಟೆಗೆ ಪ್ಲಾಸ್ಟಿಕ್ ಚೀಲ ಹಾಕಿ ಕೊಡಿ. ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿರಸದ ಬಾಟಲಿ ಕಳಿಸುವವರು ಎರಡು ಪದರ ಸುತ್ತಿ ಕಳಿಸಿ. ಒಂದು ರಾತ್ರಿ ನಮ್ಮ ಬೆಲ್ಟ್ ಮೇಲೆ ಒಂದು ಸೂಟ್‌ಕೇಸ್ ಕಪ್ಪಗೆ ಸೋರುತ್ತಾ ಬಂತು. ಎಣ್ಣೆ ಅಂತ ಎಲ್ಲರೂ ಗಾಬರಿಯಾಗಿ ದೂರ ಸರಿದರು. ನಾನೊಬ್ಬನೇ ಮೂಗು ಹತ್ತಿರ ಹಿಡಿದು ನಗುತ್ತಾ ನಿಂತಿದ್ದೆ.