ವಿಮೆ ಕಟ್ಟಿಲ್ಲ, ಮೆಕ್ಕೆಜೋಳ ಒಣಗಿದೆ. ಸರ್ಕಾರದಿಂದ ಪರಿಹಾರ ಸಿಗುತ್ತಾ?

ಸಿಗಬಹುದು. ಜಗಳೂರು ಕಡೆ ಮೂರು ಎಕರೆ ಮೆಕ್ಕೆಜೋಳ ಮಳೆ ಇಲ್ಲದೆ ಒಣಗಿದೆ, ಅಪ್ಪ ಈ ಸಲ ವಿಮೆ ಕಟ್ಟಿರಲಿಲ್ಲ ಅಂತ ಬರೆದಿದ್ದೀರಿ. ವಿಮೆ ದುಡ್ಡೇ ಬೇರೆ, ಇದೇ ಬೇರೆ. ಇದು ವಿಪತ್ತು ಪರಿಹಾರ ನಿಧಿಯಿಂದ ಬರುವುದು. ವಿಮೆ ಕಟ್ಟಿದ್ದೀರಾ ಅಂತ ಇಲ್ಲಿ ಯಾರೂ ಕೇಳುವುದಿಲ್ಲ.

ಆದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 2022-23ರಿಂದ 2025-26ರವರೆಗಿನ ಕೇಂದ್ರದ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಆ ದರದಲ್ಲಿ ನಿಮ್ಮ ಮೂರು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 10,300 ಆಗುತ್ತದೆ. ಬೀಜ, ಗೊಬ್ಬರ, ಉಳುಮೆ ಸೇರಿಸಿದರೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ಕೆಲವು ವರ್ಷ ರಾಜ್ಯ ಸರ್ಕಾರ ತನ್ನ ಕಡೆಯಿಂದ ಇನ್ನಷ್ಟು ಸೇರಿಸುತ್ತದೆ, 2025ರ ಮಳೆ ಹಾನಿಗೆ ಹೆಕ್ಟೇರಿಗೆ 8,500 ಹೆಚ್ಚಿಗೆ ಘೋಷಿಸಿತ್ತು. ಅದನ್ನು ನಂಬಿಕೊಂಡು ಸಾಲ ಮಾಡಬೇಡಿ ಅಷ್ಟೇ.

ಬೆಳೆ ನಷ್ಟ ಶೇಕಡಾ 33 ದಾಟಿರಬೇಕು. ಬರ ಅಂದರೆ ತಾಲೂಕು ಬರಪೀಡಿತ ಅಂತ ಘೋಷಣೆಯೂ ಆಗಿರಬೇಕು. ಘೋಷಣೆ ಆದ ತಕ್ಷಣ ದುಡ್ಡು ಬರುತ್ತದೆ ಅಂತಲೂ ಅಲ್ಲ. 2023ರ ಬರದಲ್ಲಿ ಮೊದಲು ರಾಜ್ಯದಿಂದ ರೈತರಿಗೆ ತಲಾ 2,000 ರೂಪಾಯಿವರೆಗೆ ಬಂತು. ಉಳಿದದ್ದಕ್ಕೆ ರಾಜ್ಯ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟೊತ್ತಿಗೆ ನಾವು ಮುಂದಿನ ಮುಂಗಾರಿಗೆ ಹೊಲ ಹದ ಮಾಡುತ್ತಿದ್ದೆವು!

ಇದೆಲ್ಲ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಬೆಳೆ ಸಮೀಕ್ಷೆಯ ದಾಖಲೆ, ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅಂತ ಸರ್ಕಾರ ಫೋಟೋ ಸಮೇತ ಬರೆದುಕೊಳ್ಳುವುದು. ಬರ ಪರಿಹಾರ ಅದನ್ನೂ ಫ್ರೂಟ್ಸ್ ಐಡಿಯನ್ನೂ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ನೋಡಿಯೇ ಬರುವುದು. ನಾನು ಚಳ್ಳಕೆರೆ ತಾಲೂಕಿನವನು, ನಮ್ಮದು ಶೇಂಗಾ. ನಮ್ಮ ಪಕ್ಕದ ಹೊಲದವರಿಗೆ ಆ ವರ್ಷ ಒಂದು ರೂಪಾಯಿಯೂ ಬರಲಿಲ್ಲ. ಸಮೀಕ್ಷೆಗೆ ಬಂದ ಹುಡುಗ ಒಳಗೆ ಕಾಲಿಡದೆ ರಸ್ತೆ ಬದಿಯ ಬದುವಿನ ಮೇಲೆ ನಿಂತು ಫೋಟೋ ಹೊಡೆದಿದ್ದ. ಆ ಮೂಲೆಯಲ್ಲಿ ಇರುವುದು ಕಲ್ಲು, ಜಾಲಿ ಗಿಡ, ಒಣ ಹುಲ್ಲು. ಇಡೀ ಹಿಸ್ಸಾ ಬೀಳು ಭೂಮಿ ಅಂತ ದಾಖಲಾಯಿತು. ಹಿಂದೆ ಬಾಡಿ ನಿಂತಿದ್ದ ಶೇಂಗಾ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಗೊತ್ತಾಗುವಷ್ಟರಲ್ಲಿ ಆಕ್ಷೇಪಣೆ ಸಲ್ಲಿಸುವ ಗಡುವು ಮುಗಿದಿತ್ತು.

ಹಾಗಾಗಿ ಇವತ್ತೇ 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ಮೆಕ್ಕೆಜೋಳ ಅಂತ ಇದೆಯಾ, ಎಕರೆ ಗುಂಟೆ ಸರಿಯಿದೆಯಾ? ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ, ರೈತ ಸಂಪರ್ಕ ಕೇಂದ್ರಕ್ಕೂ ಹೋಗಿ ಹೇಳಿ. ಎಲ್ಲ ಸರ್ವೆ ನಂಬರೂ ಫ್ರೂಟ್ಸ್ ಐಡಿಗೆ ಸೇರಿದೆಯಾ ಅಂತ ಅಲ್ಲೇ ಕೇಳಿಬಿಡಿ. ದುಡ್ಡು ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ, ಅದು ಅಪ್ಪ ಮರೆತೇಬಿಟ್ಟ ಹಳೇ ಖಾತೆ ಆಗಿರಲೂಬಹುದು. ಪರಿಹಾರ ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳುವವರನ್ನು ಮಾತ್ರ ಸುಮ್ನೆ ಕಳಿಸಿಬಿಡಿ.

ಪಹಣಿ ಯಾರ ಹೆಸರಲ್ಲಿದೆ ಅಂತ ನೀವು ಬರೆದಿಲ್ಲ. ತೀರಿಕೊಂಡ ಅಜ್ಜನ ಹೆಸರಲ್ಲೇ ಇನ್ನೂ ಇದ್ದರೆ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಕೋರಿಗೋ ಗುತ್ತಿಗೆಗೋ ಮಾಡಿದ ಹೊಲವಾದರೆ ದುಡ್ಡು ಹೋಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಅವರ ಜೊತೆ ಈಗಲೇ ಮಾತಾಡಿಕೊಳ್ಳಿ, ಬಂದ ಮೇಲೆ ಕೇಳಿದರೆ ಜಗಳ ಆಗುತ್ತದೆ.