ಮನೆಯಲ್ಲಿ ಮಾಡಿದ ಹಪ್ಪಳ, ಉಪ್ಪಿನಕಾಯಿ ಮಾರಲು ಇನ್‌ಸ್ಟಾಗ್ರಾಂ ಒಳ್ಳೆಯದಾ, ಫೇಸ್‌ಬುಕ್ಕಾ? ತಿಂಗಳಿಗೆ 5,000 ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಲಾ?

5,000 ಕೊಡಬೇಡಿ. ನಿಮ್ಮ ಪ್ರಶ್ನೆ ಓದಿದರೆ ಐದಾರು ವರ್ಷದ ಹಿಂದೆ ನಾನೇ ಬರೆದ ಹಾಗಿದೆ. ನೀವು ಕುಂಬಳೆ, ನಾನು ಬದಿಯಡ್ಕದ ಹತ್ತಿರ, ಇಬ್ಬರೂ ಕಾಸರಗೋಡಿನ ಕಡೆಯವರೇ. ನನ್ನದು ಹಲಸಿನ ಹಪ್ಪಳ.

ನಾನೂ ಫೋಟೋ ಹಾಕಿಯೇ ಶುರು ಮಾಡಿದ್ದು. ಅಂಗಳದಲ್ಲಿ ಚಾಪೆ, ಅದರ ಮೇಲೆ ಸಾಲಾಗಿ ಹಪ್ಪಳ, ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಕೂತ ನಮ್ಮತ್ತೆ. ಲೈಕ್ ಬೇಕಾದಷ್ಟು ಬಂತು. ಆರ್ಡರ್ ಬಂದದ್ದು ಮಾತ್ರ ವಾಟ್ಸಾಪಿನಲ್ಲಿ. ಅದಕ್ಕೆ ಕೊಂಡವರನ್ನೆಲ್ಲ ಸೇರಿಸಿ ಒಂದು ಗ್ರೂಪ್ ಮಾಡಿದೆ. ಮಂಗಳೂರು, ಪುತ್ತೂರು, ಬೆಂಗಳೂರು ಎಲ್ಲ ಸೇರಿ 180 ಜನ. ಯಾರನ್ನೂ ಕೇಳದೆ ಸೇರಿಸಿದ್ದೆ. ಅದೂ ತಪ್ಪೇ, ಆದರೆ ನನ್ನನ್ನು ಮುಳುಗಿಸಿದ್ದು ಅದಲ್ಲ.

2023. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆಗಾಲದ ಮೋಡ ಕಟ್ಟತೊಡಗಿತ್ತು. ಕೊನೆಯ ಸಲ ಒತ್ತಿದ ಹಪ್ಪಳಕ್ಕೆ ಬಿಸಿಲು ಸಾಲಲಿಲ್ಲ. ಸರಿಯಾಗಿ ಒಣಗಿದ್ದು ಮುರಿದರೆ ಟಕ್ ಅನ್ನುತ್ತದೆ. ಇದು ಬಟ್ಟೆಯ ಹಾಗೆ ಬಾಗುತ್ತಿತ್ತು. “ಒಣಗಿದ್ದಿಲ್ಲೆ, ಇನ್ನೊಂದು ಬೆಶಿಲು ಬೇಕು” ಅಂದರು ಅತ್ತೆ. ನನಗೆ ಕೊರಿಯರಿಗೆ ಕೊಡುವ ಅವಸರ. ಪ್ಯಾಕ್ ಮಾಡಿಬಿಟ್ಟೆ.

ವಾರ ಕಳೆದು ಬೆಂಗಳೂರಿನ ಒಬ್ಬರು ಗ್ರೂಪಿಗೆ ಫೋಟೋ ಹಾಕಿದರು. ಹಪ್ಪಳದ ಅಂಚಿಗೆಲ್ಲ ಹಸಿರು ಬೂಸ್ಟು. ಕೆಳಗೆ ಒಂದೇ ಸಾಲು: “ಹೀಗೆ ಬಂದಿದೆ, ಏನು ಮಾಡಲಿ?” ಬೈದಿರಲಿಲ್ಲ ನೋಡಿ. ಕೇಳಿದ್ದು ಅಷ್ಟೇ.

ನಾನು ಆ ಫೋಟೋ ಡಿಲೀಟ್ ಮಾಡಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ರೂಪಿನ ಅಡ್ಮಿನ್ ಬೇರೆಯವರ ಮೆಸೇಜನ್ನೂ ಅಳಿಸಬಹುದು. ಆದರೆ ಅಳಿಸಿದ ಜಾಗ ಖಾಲಿ ಬಿಡುವುದಿಲ್ಲ. ಅಡ್ಮಿನ್ ಅಳಿಸಿದ್ದಾರೆ ಅಂತ ಹೆಸರಿನ ಸಮೇತ ಅಲ್ಲೇ ಕೂರುತ್ತದೆ. ಅಷ್ಟರೊಳಗೆ ಫೋಟೋ ನೋಡಿದ್ದವರು ಇಪ್ಪತ್ತೋ ಮೂವತ್ತೋ ಇರಬಹುದು. ಉಳಿದ 150 ಜನಕ್ಕೆ ‘ಇವಳೇನೋ ಮುಚ್ಚಿಡುತ್ತಿದ್ದಾಳೆ’ ಅಂತ ನಾನೇ ಡಂಗುರ ಹೊಡೆದ ಹಾಗಾಯಿತು. ಎರಡು ನಿಮಿಷಕ್ಕೆ “ಏನದು ಡಿಲೀಟ್ ಆದದ್ದು?” ಅಂತ ಒಬ್ಬರು ಕೇಳಿದರು. ಬೆಂಗಳೂರಿನವರು ಮತ್ತೆ ಹಾಕಿದರು, ಈ ಸಲ ಮೂರು ಫೋಟೋ. ಗಾಬರಿಯಲ್ಲಿ “ನೀವು ಡಬ್ಬಿಯಲ್ಲಿ ಸರಿಯಾಗಿ ಇಟ್ಟಿರಲಿಕ್ಕಿಲ್ಲ” ಅಂತ ಬರೆದೆ. ಬರೆಯುವಾಗಲೇ ಸುಳ್ಳು ಅಂತ ಗೊತ್ತಿತ್ತು. ಬಾಗುತ್ತಿದ್ದ ಹಪ್ಪಳ ಪ್ಯಾಕ್ ಮಾಡಿದ್ದು ನನ್ನದೇ ಕೈ ಅಲ್ವಾ! ರಾತ್ರಿಯೊಳಗೆ 40 ಜನ ಗ್ರೂಪ್ ಬಿಟ್ಟರು. ಉಳಿದವರಲ್ಲೂ ಜಾಸ್ತಿ ಜನ ಮುಂದಿನ ವರ್ಷ ಕೇಳಲೇ ಇಲ್ಲ. ಒಂದು ಪ್ಯಾಕೆಟ್ಟಿಗೆ 120 ರೂಪಾಯಿ. “ತಪ್ಪಾಯ್ತು, ಬೇರೆ ಕಳಿಸ್ತೇನೆ” ಅಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಹಾಗಾಗಿ ಇನ್‌ಸ್ಟಾಗ್ರಾಮಾ ಫೇಸ್‌ಬುಕ್ಕಾ ಅನ್ನುವ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಯಾವುದರಲ್ಲಾದರೂ ಹಾಕಿ. 5,000ಕ್ಕೆ ಬರುವ ಹುಡುಗ ಚೆಂದದ ರೀಲ್ ಮಾಡಿಯಾನು. ಹಪ್ಪಳ ಒಣಗಿತ್ತಾ ಇಲ್ಲವಾ ಅಂತ ಅವನಿಗೇನು ಗೊತ್ತು? ಗಿರಾಕಿ ಕೇಳಿದಾಗ ಹಪ್ಪಳ ಒತ್ತಿದವರೇ ಉತ್ತರ ಕೊಡಬೇಕು. ನಮ್ಮೂರಿನ ಕತೆ ನಿಮಗೂ ಗೊತ್ತಲ್ಲ, ಒಬ್ಬರು ಕನ್ನಡದಲ್ಲಿ ಕೇಳುತ್ತಾರೆ, ಒಬ್ಬರು ತುಳುವಿನಲ್ಲಿ, ಕಾಸರಗೋಡು ಪೇಟೆಯವರು ಇಂಗ್ಲಿಷ್ ಅಕ್ಷರದಲ್ಲಿ ಮಲಯಾಳ ಬರೆಯುತ್ತಾರೆ. ನನಗೆ ಬರೆಯಲು ಬಾರದ್ದಕ್ಕೆ ವಾಯ್ಸ್ ಮೆಸೇಜ್ ಹಾಕುತ್ತೇನೆ. ನನ್ನ ಮಲಯಾಳ ಕೇಳಿ ನಗುತ್ತಾರೆ. ನಕ್ಕು ತಗೊಳ್ಳುತ್ತಾರೆ.

ಗ್ರೂಪ್ ಮಾತ್ರ ಬೇಡವೇ ಬೇಡ. ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿಗೆ 256 ಜನ ಹಿಡಿಯುತ್ತಾರೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಸೇವ್ ಮಾಡಿ ಅಂತ ಪ್ಯಾಕೆಟ್ಟಿನಲ್ಲೇ ಒಂದು ಚೀಟಿ ಇಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನೋಂದಣಿ ಆಗಿದೆ ತಾನೇ? ಆ 14 ಅಂಕಿಯ ನಂಬರೂ ಪ್ಯಾಕೆಟ್ ಮೇಲೆ ಇರಬೇಕು.

ಬೆಂಗಳೂರಿನವರಿಗೆ ನಾನು ಫೋನ್ ಮಾಡಿದ್ದು ಹತ್ತು ತಿಂಗಳ ಮೇಲೆ, ಮತ್ತೆ ಹಲಸು ಬೆಳೆದಾಗ. ತಪ್ಪಾಯ್ತು ಅಂದು ಎರಡು ಪ್ಯಾಕೆಟ್ ಸುಮ್ನೆ ಕಳಿಸಿದೆ. ಚೆನ್ನಾಗಿದೆ ಅಂದರು. ಆಮೇಲೆ ಆರ್ಡರ್ ಮಾಡಿಲ್ಲ.

ಅಂದ ಹಾಗೆ ನಿಮ್ಮ ಉಪ್ಪಿನಕಾಯಿ ಮಾವಿನ ಮಿಡಿಯದ್ದಾ? ಇದ್ದರೆ ಹೇಳಿ. ಅತ್ತೆಗೆ ಈ ವರ್ಷ ಹಾಕಲು ಆಗಲಿಲ್ಲ.